ಹೆಜ್ಜೆ ಎಣಿಸುವ ಮಶೀನು

ಆ ದಿನ ಕೆಟ್ಟದ್ದು ಜೀರಿಗೆ ಕಾಳಿನಷ್ಟು ಉದ್ದದ ಒಂದು ನಳಿಗೆ, ಅಷ್ಟೆ.

ಗದಗಿನಿಂದ ಶಿರಹಟ್ಟಿಗೆ ಹೋಗುವ ಬೆಳಗಿನ ಬಸ್ಸು. ದಾರಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಬದನೆಕಾಯಿ ಬುಟ್ಟಿಯನ್ನು ಸೀಟುಗಳ ನಡುವೆ ತುರುಕುವಾಗ ಅದರ ಅಂಚು ಮಹೆಕಳ ಹೊಟ್ಟೆಗೆ ಗುದ್ದಿತು.

“ಬಡೀತೇನ ಯವ್ವಾ?” ಎಂದಳು ಮುದುಕಿ.

“ಇಲ್ಲ ಬಿಡಬೇ.”

ಬಡಿದಿತ್ತು. ಆದರೆ ಐದು ವರ್ಷದಿಂದ ಮಹೆಕ ಯಾವುದಕ್ಕೂ ಇಲ್ಲ ಎನ್ನುವುದನ್ನೇ ರೂಢಿ ಮಾಡಿಕೊಂಡಿದ್ದಳು.

ಬೆಟಗೇರಿಯ ಈ ಇಪ್ಪತ್ತೊಂಬತ್ತರ ಹುಡುಗಿ ಶಿರಹಟ್ಟಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿಟಿ ಟೀಚರು. ಹನ್ನೆರಡನೇ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಮೈ ತನ್ನ ಪಾಲಿನ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಡುವಂಥದ್ದು. ಮೊದಲೆಲ್ಲ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಡಾಕ್ಟರು ಪಂಪು ಕೂಡಿಸಿದರು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಮಶೀನು ಸೊಂಟದಲ್ಲಿ. ಅದರಿಂದ ದಾರದಂಥ ಕೊಳವೆ. ಕೊಳವೆಯ ತುದಿಗೆ, ಹೊಟ್ಟೆಯ ಚರ್ಮದೊಳಗೆ, ಆ ಜೀರಿಗೆ ಕಾಳಿನ ನಳಿಗೆ. ಇಡೀ ದಿನ ಹನಿಹನಿಯಾಗಿ ಇನ್ಸುಲಿನ್ ಒಳಗೆ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎನ್ನುವ ಅಂಕಿಯೂ ಮಶೀನಿನ ಪುಟ್ಟ ಪರದೆಯ ಮೇಲೆ ಬರುತ್ತದೆ.

ಶಾಲೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ಅವಳು ಎರಡು ಅಳತೆ ದೊಡ್ಡ ಟ್ರ್ಯಾಕ್‌ಸೂಟು ಹಾಕುತ್ತಿದ್ದಳು. ಐದು ವರ್ಷದಿಂದ ಅವಳದು ತಾತ್ಕಾಲಿಕ ನೌಕರಿ. ಪ್ರತಿ ಜೂನ್ ತಿಂಗಳಲ್ಲಿ ಸಂಸ್ಥೆಯ ಚೇರಮನ್ನರು, “ಈ ವರ್ಷ ಖಾಯಂ ಮಾಡೂಣು,” ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯ ಪಿಟಿ ಟೀಚರು ಎಂದರೆ ಜನಕ್ಕೆ ಈಜು ಬಾರದ ಅಂಬಿಗನಿದ್ದಂತೆ. ಯಾರು ಖಾಯಂ ಮಾಡುತ್ತಾರೆ?

ಹಾಗೆ ನೋಡಿದರೆ ಮೈದಾನದಲ್ಲಿ ಅವಳಷ್ಟು ಲೆಕ್ಕ ಇಟ್ಟು ಓಡುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಡ್ರಿಲ್ಲಿಗೆ ಮೊದಲು ಅಂಕಿ ನೋಡುವುದು. ಕಡಿಮೆಯಿದ್ದರೆ ಶೇಂಗಾ ಉಂಡೆ ಬಾಯಿಗೆ ಹಾಕಿಕೊಳ್ಳುವುದು. ಓಡುವ ಹೊತ್ತಿಗೆ ಪಂಪಿನ ಹನಿ ಕಡಿಮೆ ಮಾಡುವುದು. ಕೈ ನಡುಗಿದರೆ, “ನೀವ ಓಡ್ರಿ, ನಾ ಟೈಮ್ ನೋಡ್ತೇನಿ,” ಎಂದು ಸೀಟಿ ಊದುತ್ತ ನಿಲ್ಲುವುದು. ಐದು ವರ್ಷದಲ್ಲಿ ಒಂದು ದಿನವೂ ಅವಳು ಮೈದಾನದಲ್ಲಿ ಕುಸಿದು ಕೂತಿರಲಿಲ್ಲ.

ಅಂದು ಶಾಲೆಯ ಕ್ರೀಡಾ ದಿನ. ಮಹೆಕ ಒಳಗೆ ಕಾಲಿಡುತ್ತಿದ್ದಂತೆಯೇ ಹೆಡ್‌ಮಾಸ್ತರ ಮಾಳಿಂಗರಾಯರು ಅವಳ ಬ್ಯಾಗಿಗೆ ಕೈಚಾಚಿದರು.

“ಕೊಡ್ರಿ ಮೇಡಂ. ಎಲ್ಲಾರ ಬ್ಯಾಗು, ಮೊಬೈಲು ತಿಜೋರಿಯೊಳಗ. ಸಂಜಿಮಟಾ ಯಾರಿಗೂ ಕೊಡಂಗಿಲ್ಲ.”

ಹಿಂದಿನ ವರ್ಷ ಚೇರಮನ್ನರು ಭಾಷಣ ಮಾಡುವಾಗ ಏಳು ಜನ ಶಿಕ್ಷಕರು ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತ ಫೋಟೋ ಊರೆಲ್ಲ ತಿರುಗಾಡಿತ್ತು. ಆ ಫೋಟೋ ತೆಗೆದವನು ಎಂಟನೆಯ ಶಿಕ್ಷಕ ಎನ್ನುವುದು ಬೇರೆ ಮಾತು. ಮಹೆಕ ಬಾಯಿ ತೆರೆಯುವಷ್ಟರಲ್ಲಿ ಬ್ಯಾಗು ತಿಜೋರಿ ಸೇರಿತು, ಕೀಲಿಕೈ ಹೆಡ್‌ಮಾಸ್ತರರ ಉಡದಾರ ಸೇರಿತು. ಬ್ಯಾಗಿನಲ್ಲಿ ಅವಳ ಎರಡನೇ ಜೀವ ಇತ್ತು: ಬೇರೆ ನಳಿಗೆ, ಬೇರೆ ಕೊಳವೆ, ಪಂಪು ಕೈಕೊಟ್ಟರೆ ಚುಚ್ಚಿಕೊಳ್ಳಲು ಇನ್ಸುಲಿನ್ ಪೆನ್ನು.

ಒಂಬತ್ತೂವರೆಗೆ ಚೇರಮನ್ನರ ಭಾಷಣ ಶುರುವಾಯಿತು. “ಗದಗ ಜಿಲ್ಲಾ ಆಗಿ ಇಪ್ಪತ್ತೈದು ವರ್ಷ ಆತು...” ಎಂದು ಆರಂಭಿಸಿ, ಇಪ್ಪತ್ತು ನಿಮಿಷದಲ್ಲಿ ಜಿಲ್ಲೆಗೆ ಎರಡು ವರ್ಷ ತುಂಬುವವರೆಗೆ ಬಂದಿದ್ದರು. ಆಗ ಮಹೆಕಳ ಸೊಂಟದಲ್ಲಿ ಮಶೀನು ಕೂಗಿತು. ಟೀ ಟೀ ಟೀ. ತಾಯಿಯನ್ನು ಕಳಕೊಂಡ ಕೋಳಿಮರಿಯ ಹಾಗೆ.

ಮುಂದಿನ ಸಾಲಿನ ಏಳೂ ಜನ ಶಿಕ್ಷಕರು ತಾವಲ್ಲ ಎಂದು ಕೈ ಎತ್ತಿ ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಗಣಿತದ ಲಕ್ಕಪ್ಪ ಮಾಸ್ತರ ಕತ್ತು ಹೊರಳಿಸಿದ. ಪಾಠಕ್ಕಿಂತ ಪರರ ವಿಷಯದಲ್ಲಿ ಅವನಿಗೆ ಹೆಚ್ಚು ಆಸಕ್ತಿ.

“ಏನ್ರಿ ಮೇಡಂ ಅದು? ಮೊಬೈಲ್ ಮುಚ್ಚಿಟ್ಟೀರೇನು?”

“ಇಲ್ಲರಿ ಸರ್... ಹೆಜ್ಜಿ ಎಣಿಸೋ ಮಶೀನ್ ಇದು. ದಿನಾ ಎಷ್ಟ ನಡದೀವಿ ಅಂತ ಹೇಳತೈತಿ.”

“ಹೌದಾ! ಈಗ ಎಷ್ಟ ಆಗೇತಿ?”

ಮಹೆಕ ಟ್ರ್ಯಾಕ್‌ಸೂಟಿನ ಅಂಚು ಎತ್ತಿ ನೋಡಿದಳು. ಪರದೆಯ ಮೇಲಿದ್ದದ್ದನ್ನು ನೋಡಿದ ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿಜವೇ. “ಎರಡನೂರಾ ಅರವತ್ತೆಂಟು.”

“ಬರೇ? ಬೆಟಗೇರಿಯಿಂದ ಇಲ್ಲಿತನಕ ಬಂದೂ ಎರಡನೂರಾ ಅರವತ್ತೆಂಟ ಹೆಜ್ಜಿ? ಪಿಟಿ ಮೇಡಂ ಆಗಿ?” ಲಕ್ಕಪ್ಪನ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. “ಅಡ್ಡಾಡ್ರಿ ಮೇಡಂ. ಕುಂಡ್ರಬ್ಯಾಡ್ರಿ.”

ಮಶೀನಿನಿಂದ ಇನ್ಸುಲಿನ್ ಹೋಗುತ್ತಿಲ್ಲ ಎನ್ನುವುದು ಅವಳಿಗೆ ತಿಳಿಯಿತು. ಬುಟ್ಟಿಯ ಏಟಿಗೆ ನಳಿಗೆ ಒಳಗೇ ಮಡಚಿಕೊಂಡಿತ್ತು. ಬಸ್ಸಿಳಿದು ತಿಂದ ಎರಡು ರೊಟ್ಟಿ, ಅವುಗಳನ್ನು ಅರಗಿಸಲು ಹನಿ ಇನ್ಸುಲಿನ್ನೂ ಇಲ್ಲದೆ, ಸಕ್ಕರೆಯಾಗಿ ರಕ್ತದಲ್ಲಿ ಸುತ್ತುತ್ತಿದ್ದವು. ಬ್ಯಾಗು ಬೇಕು. ಈಗಲೇ ಬೇಕು.

ಹೆಡ್‌ಮಾಸ್ತರರ ಹತ್ತಿರ ಹೋದಳು. “ಸರ್, ಬ್ಯಾಗಿನ್ಯಾಗ ಕರವಸ್ತ್ರ ಉಳದೈತ್ರಿ.”

ಮಾಳಿಂಗರಾಯರು ತಮ್ಮ ಕಿಸೆಯಿಂದ ಮಡಿಕೆ ಮುರಿಯದ ಬಿಳಿ ಕರವಸ್ತ್ರ ತೆಗೆದು ಕೊಟ್ಟರು. “ನೀವ ಇಟ್ಟುಕೋರಿ. ತೊಳದದ್ದು.”

ಐದು ನಿಮಿಷ ಬಿಟ್ಟು ಮತ್ತೆ ಹೋದಳು. “ಸರ್, ನನ್ನ ಡಬ್ಬಿ ಬ್ಯಾಗಿನ್ಯಾಗ ಐತ್ರಿ. ಹಸಿವಾಗೇತಿ.”

“ಲಕ್ಕಪ್ಪ, ಮೇಡಂಗ ನಿಮ್ಮ ರೊಟ್ಟಿ ಕೊಡ್ರಿ!” ಲಕ್ಕಪ್ಪ ಕೊಟ್ಟ. ನಿಂತು, ತಿನ್ನುವ ತನಕ ನೋಡಿದ. ಸಕ್ಕರೆಗೆ ಇನ್ನೂ ಒಂದು ರೊಟ್ಟಿ ಸೇರಿತು.

ಮೂರನೆಯ ಸಲ ತಲೆತಗ್ಗಿಸಿ, “ಸರ್, ಹೆಣ್ಣಮಕ್ಕಳ ವಿಷಯರಿ,” ಎಂದಳು. ಮಾಳಿಂಗರಾಯರು ಕೆಂಡ ತುಳಿದವರಂತೆ ಹಿಂದೆ ಸರಿದು ವಿಜ್ಞಾನದ ಮಂಜುಳಾ ಟೀಚರನ್ನು ಕರೆದರು. ಮಂಜುಳಾ ಹುಡುಗಿಯರ ಕೋಣೆಯಿಂದ ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದು ಮಹೆಕಳ ಕೈಯಲ್ಲಿಟ್ಟು, “ಏನರ ಬೇಕಾದ್ರ ನಂಗ ಕೇಳ್ರಿ ಅಕ್ಕಾ, ನಾಚಿಕೋಬ್ಯಾಡ್ರಿ,” ಎಂದಳು.

ಮಹೆಕಳಿಗೆ ಒಂದು ಸುಳ್ಳಿಗೆ ಒಂದರಂತೆ ಮೂರು ಉಪಕಾರ ಸಿಕ್ಕಿದವು. ಬ್ಯಾಗು ಸಿಗಲಿಲ್ಲ.

ಪೇಟೆಯ ಔಷಧ ಅಂಗಡಿಗೆ ಓಡಿಹೋಗಿ ಬರಬಹುದಿತ್ತು. ಆದರೆ ಅಂಗಡಿಯವನು ಲಕ್ಕಪ್ಪನ ಭಾವಮೈದುನ. ಅವಳು ಇನ್ಸುಲಿನ್ ಕೇಳಿದರೆ, ಅವಳು ಶಾಲೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು.

ಬಾಯಿ ಒಣಗಿ ಜೋಳದ ಕಣವಾಯಿತು. ಕಂಡ ಕಂಡ ಬಾಟಲಿ ಎತ್ತಿ ನೀರು ಕುಡಿದಳು. ಕುಡಿದ ನೀರು ಹೊರಹೋಗಲು ಮೂರು ಸಲ ಹುಡುಗಿಯರ ಸಾಲಿನಲ್ಲಿ ನಿಂತಳು. ನಾಲ್ಕನೆಯ ಸಲ ಆಯಾ ಅಮೃತವ್ವ ಸಾಲು ಬಿಡಿಸಿ ಅವಳನ್ನು ಮುಂದೆ ಬಿಟ್ಟಳು.

“ಅಕ್ಕಾರ, ಮೆಂತೆ ನೆನಿಸಿದ ನೀರ ಕುಡೀರಿ. ಉಷ್ಣಕ್ಕ ಚಲೋ.” ಅಮೃತವ್ವ ಐದು ವರ್ಷದಿಂದ ಅವಳಿಗೆ ಈ ಕಹಿ ನೀರು ಕುಡಿಸುತ್ತಲೇ ಇದ್ದಳು. ಅವಳ ಉಷ್ಣ ಇನ್ನೂ ಇಳಿದಿರಲಿಲ್ಲ.

ಹೊರಗೆ ಬಂದಾಗ ಲಕ್ಕಪ್ಪ ಕಾಯುತ್ತಿದ್ದ. “ಈಗ ಎಷ್ಟರಿ?”

“ಮುನ್ನೂರಾ ನಲವತ್ತೆರಡು.”

“ಸಾಲಂಗಿಲ್ಲ.” ಲಕ್ಕಪ್ಪನ ಹಣೆಯ ಮೇಲೆ ಬೆವರು ಮೂಡಿತು. ಅವನು ನೇರವಾಗಿ ಹೆಡ್‌ಮಾಸ್ತರರ ಕಿವಿಯಲ್ಲಿ ಏನೋ ಹೇಳಿದ. ಹೆಡ್‌ಮಾಸ್ತರರು ಚೇರಮನ್ನರ ಕಿವಿಯಲ್ಲಿ ಹೇಳಿದರು. ಚೇರಮನ್ನರು ಮೈಕು ಹಿಡಿದು, “ಈಗ ಆರೋಗ್ಯ ಓಟ! ಸಾಲಿಯಿಂದ ಮಠದ ತನಕ, ಮತ್ತ ವಾಪಸ್. ಮುಂದಾಳು ನಮ್ಮ ಮಹೆಕ ಮೇಡಂ!” ಎಂದು ಘೋಷಿಸಿದರು. ಕಾರ್ಯಕ್ರಮದ ಪಟ್ಟಿಯಲ್ಲಿ ಆ ಓಟ ಇರಲೇ ಇಲ್ಲ.

ಡಾಕ್ಟರು ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಮೈಯಲ್ಲಿ ಇನ್ಸುಲಿನ್ ಇಲ್ಲದಾಗ ಓಡಿದರೆ ಸಕ್ಕರೆ ಇಳಿಯುವುದಿಲ್ಲ, ಏರುತ್ತದೆ, ರಕ್ತ ಹುಳಿಯಾಗುತ್ತದೆ, ಮೊದಲು ಇನ್ಸುಲಿನ್, ಆಮೇಲೆ ವಿಶ್ರಾಂತಿ, ಓಟದ ಮಾತೇ ಬೇಡ. ಆದರೆ ಡಾಕ್ಟರು ಇದ್ದದ್ದು ಹುಬ್ಬಳ್ಳಿಯಲ್ಲಿ. ಚೇರಮನ್ನರು ಇದ್ದದ್ದು ಎದುರಿಗೆ, ಕೈಯಲ್ಲಿ ಹಸಿರು ಬಾವುಟ ಹಿಡಿದುಕೊಂಡು.

“ಸರ್, ನಾ ಹಿಂದ ಸೈಕಲ್ ಮ್ಯಾಲೆ ಬರತೇನಿ. ಹುಡುಗೂರ್ನ ನೋಡಕೋಬೇಕಲ್ರಿ,” ಎಂದಳು.

“ನಾ ನೋಡಕೋತೇನಿ. ನೀವ ಓಡ್ರಿ!” ಎಂದು ಸೈಕಲ್ಲೇರಿದವನು ಲಕ್ಕಪ್ಪ.

ಓಡಿದಳು. ಮಠದ ದಾರಿಯ ಅರ್ಧದಲ್ಲಿ ಕಾಲುಗಳು ಒದ್ದೆ ಮರಳು ತುಂಬಿದ ಚೀಲಗಳಾದವು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬಂತು. ಅದು ಏನೆಂದು ಅವಳಿಗೆ ಗೊತ್ತಿತ್ತು. ಹದಿನಾರು ವರ್ಷದವಳಿದ್ದಾಗ ಒಮ್ಮೆ ಇದೇ ವಾಸನೆ ಬಂದು, ಮೂರು ದಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ತಾಯಿ ಫಕೀರಬಿ ಆ ಮೂರು ದಿನ ಮಂಚದ ಕಾಲು ಹಿಡಿದು ಕೂತಿದ್ದಳಂತೆ. ಮಹೆಕ ರಸ್ತೆಯ ಬದಿಗೆ ಸರಿದು, ಬೇವಿನ ಮರ ಹಿಡಿದು ವಾಂತಿ ಮಾಡಿದಳು.

ಸೈಕಲ್ಲು ಬಂದು ನಿಂತಿತು. “ಈಗ ಎಷ್ಟರಿ ಮೇಡಂ?”

ಅವಳು ಮಶೀನನ್ನೇ ಅವನ ಕಡೆ ತಿರುಗಿಸಿದಳು. ಸಕ್ಕರೆ ಅಳತೆ ಮೀರಿತ್ತು. ಅಂಕಿ ಹೋಗಿ ಇಂಗ್ಲಿಷಿನ ಎರಡು ಅಕ್ಷರ ಬಂದಿದ್ದವು, ‘ಹೈ’ ಎನ್ನುವುದಕ್ಕೆ ಎಚ್, ಐ. ಲಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ.

“ಹಾಯ್?... ಹಾಯ್ ಅಂತೈತಲ್ರಿ!” ಅವನ ಮುಖ ಅರಳಿತು. “ಖುಷಿ ಆಗೇತಿ ಮಶೀನಿಗೆ! ಅಂದ್ರ ಸಾಕಷ್ಟ ಆತು. ಇನ್ನ ಸಾವಕಾಶ ಬರ್ರಿ.”

ಮಹೆಕ ಅಲ್ಲಿಂದ ಶಾಲೆಗೆ ಹೇಗೆ ಮುಟ್ಟಿದಳೋ ಅವಳಿಗೇ ನೆನಪಿಲ್ಲ. ನೆನಪಿದ್ದದ್ದು ಒಂದೇ: ಮಠದ ರಸ್ತೆಯ ಆ ಬೇವಿನ ಮರದ ಕೆಳಗೆ, ನೌಕರಿ ಹೋದರೂ ಹೋಗಲಿ, ಜೀವ ಇರಲಿ ಎಂದುಕೊಂಡದ್ದು.

ಹೆಡ್‌ಮಾಸ್ತರರ ಕೋಣೆಯಲ್ಲಿ ಚೇರಮನ್ನರು ಗಿರಮಿಟ್ಟು, ಮಿರ್ಚಿ ಭಜಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಮಹೆಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು.

“ಸರ್, ನಾ ಒಂದ ಖರೆ ಮಾತ ಹೇಳಬೇಕು.”

ಮಾಳಿಂಗರಾಯರು ಕುರ್ಚಿ ಉರುಳುವಂತೆ ಎದ್ದರು. “ಬಿಸಲಿಗೆ ತಲಿ ತಿರಗೇತಿ ಅಲ್ರಿ ಮೇಡಂ? ಹೌದಲ್ಲ?”

“ಬಿಸಲಲ್ಲರಿ. ನಂಗ—”

“ಬಿಸಲ ಅನ್ರಿ!” ಅವರು ಚೇರಮನ್ನರ ಬೆನ್ನ ಹಿಂದಿನಿಂದ ಎರಡೂ ಕೈ ಆಡಿಸುತ್ತಿದ್ದರು, ಬಸ್ಸು ಹಿಂದಕ್ಕೆ ತೆಗೆಸುವ ಕಂಡಕ್ಟರನಂತೆ. “ಬಿಸಲರಿ, ಸಾಹೇಬ್ರ. ಭಾಳ ಬಿಸಲ ಇವತ್ತು.”

“ನಂಗ ಸಕ್ರಿ ಬ್ಯಾನಿ ಐತ್ರಿ!” ಮಹೆಕ ಕೂಗಿದಳು. “ಹನ್ನೆರಡ ವರ್ಷದಾಕಿ ಇದ್ದಾಗಿಂದ ಐತಿ. ಇದು ಹೆಜ್ಜಿ ಎಣಿಸೋ ಮಶೀನಲ್ಲ, ಇನ್ಸುಲಿನ್ ಪಂಪು. ಮುಂಜಾನಿಂದ ಕೆಟ್ಟೈತಿ. ನನ್ನ ಔಷಧ ಆ ತಿಜೋರಿಯೊಳಗ ಐತಿ. ಕೊಡಲಿಲ್ಲಂದ್ರ ನಾ ಇಲ್ಲೇ ಸಾಯತೇನಿ.”

ಚೇರಮನ್ನರ ಕೈಯಲ್ಲಿ ಮಿರ್ಚಿ ಹಾಗೇ ನಿಂತಿತು. ಮಾಳಿಂಗರಾಯರು ಉಡದಾರದಿಂದ ಕೀಲಿಕೈ ಬಿಚ್ಚಲು ಹೋಗಿ ಗಂಟು ಬಿಗಿ ಮಾಡಿಕೊಂಡರು. ಕೊನೆಗೆ ಅಮೃತವ್ವ ಹಲ್ಲಿನಿಂದ ಗಂಟು ಕಚ್ಚಿ ಬಿಡಿಸಿದಳು.

ಪೆನ್ನಿನಿಂದ ಇನ್ಸುಲಿನ್ ಚುಚ್ಚಿಕೊಂಡು, ಹಳೆ ನಳಿಗೆ ಕಿತ್ತು ಹೊಸದು ಕೂಡಿಸಿ, ಮೂರು ತಂಬಿಗೆ ನೀರು ಕುಡಿದು ಮಹೆಕ ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿದಳು. ಆಸ್ಪತ್ರೆಗೆ ಹೋಗೋಣ ಎಂದಳು ಮಂಜುಳಾ. ಎರಡು ತಾಸಿನಲ್ಲಿ ಇಳಿಯದಿದ್ದರೆ ಹೋಗುವುದೆಂದು ಠರಾವಾಯಿತು. ಇಳಿಯಿತು. ಮೊದಲು ಅಕ್ಷರ ಹೋಗಿ ಅಂಕಿ ಬಂತು, ಆಮೇಲೆ ಅಂಕಿ ನಿಧಾನವಾಗಿ ಸಣ್ಣದಾಯಿತು. ಅದರ ಜೊತೆಗೆ ಅವಳ ಮನಸ್ಸೂ ಹಗುರಾಯಿತು. ಐದು ವರ್ಷದ ಸುಳ್ಳು ಮುಗಿದಿತ್ತು. ಇನ್ನು ಯಾರಿಗೂ ಹೆದರಬೇಕಾಗಿರಲಿಲ್ಲ.

ಕಣ್ಣು ತೆರೆದಾಗ ಬೆಂಚಿನ ಸುತ್ತ ಮಾಳಿಂಗರಾಯರು, ಲಕ್ಕಪ್ಪ, ಮಂಜುಳಾ, ಅಮೃತವ್ವ ನಾಲ್ಕೂ ಜನ ನಿಂತಿದ್ದರು. ಎಲ್ಲರ ಮುಖ ಸೂತಕದ ಮನೆಯವರ ಮುಖದಂತಿತ್ತು.

“ಯಾಕ ಹೇಳಿದ್ರಿ ಮೇಡಂ?” ಮಾಳಿಂಗರಾಯರ ದನಿ ಒಡೆದಿತ್ತು. “ಐದು ವರ್ಷ ನಾವೆಲ್ಲಾ ಎಷ್ಟ ಕಷ್ಟಪಟ್ಟು ಮುಚ್ಚಿಟ್ಟಿದ್ವಿ.”

ಮಹೆಕಳಿಗೆ ಅರ್ಥವಾಗಲಿಲ್ಲ. “ನಿಮಗ... ಗೊತ್ತಿತ್ತೇನ್ರಿ?”

“ನೀವ ಬಂದ ಎರಡನೇ ದಿನಾನ ಗೊತ್ತು,” ಎಂದಳು ಅಮೃತವ್ವ. “ಸ್ಟೋರ್ ರೂಮಿನ್ಯಾಗ ಸೂಜಿ ಚುಚ್ಚಿಕೊಳ್ಳೂದು ನಾನ ನೋಡಿದ್ನಿ. ಯಾರಿಗೂ ಹೇಳಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ನಿ.”

“ಮತ್ತ ನಂಗ ಯಾಕ ಹೇಳಲಿಲ್ಲ?”

“ನಿಮಗ ಬ್ಯಾಸರ ಆಗಬಾರದಂತ,” ಎಂದಳು ಮಂಜುಳಾ. “ನೀವ ಅಷ್ಟ ಮನಸ್ಸಿನಿಂದ ಮುಚ್ಚಿಡಾಕತ್ತಿದ್ರಿ.”

“ನಿಮಗ ಸಂಶೆ ಬರಬಾರದಂತ ಎಲ್ಲಾರಗಿಂತ ಜಾಸ್ತಿ ಕೆಲಸ ನಿಮಗ ಕೊಟ್ವಿ,” ಎಂದರು ಮಾಳಿಂಗರಾಯರು. “ಬಿಸಲಾಗ ನಿಂದ್ರೂದು, ಊಟದ ಹೊತ್ತಿನ ಡ್ಯೂಟಿ, ಆಯ್ತವಾರದ ಕ್ಯಾಂಪು. ಕಡಿಮಿ ಕೊಟ್ರ, ಇವರಿಗೆ ಗೊತ್ತಾಗೇತಿ ಅಂತ ನೀವು ನೊಂದಕೋತಿದ್ರಿ. ಇವತ್ತ ಬ್ಯಾಗ ಕೊಡದಿದ್ದದ್ದೂ ಅದಕ್ಕ.”

ಮಹೆಕ ಲಕ್ಕಪ್ಪನನ್ನು ನೋಡಿದಳು. “ಮತ್ತ ಇವತ್ತ ಓಡಸಿದ್ದು?”

ಲಕ್ಕಪ್ಪ ಕಣ್ಣೊರೆಸಿಕೊಂಡ. “ನಮ್ಮ ಅಪ್ಪಗ ಡಾಕ್ಟರು, ಸಕ್ರಿ ಏರಿದ್ರ ಅಡ್ಡಾಡ್ರಿ ಅಂತ ಹೇಳಿದ್ರು. ನೀವು ಮುನ್ನೂರಾ ನಲವತ್ತೆರಡು ಅಂದ ಕೂಡ್ಲೇ ನನ್ನ ಎದಿ ಧಸಕ್ ಅಂತು. ಅದಕ್ಕ ಆ ಓಟ ಇಡಸಿದ್ನಿ. ಇಲ್ಲಾಂದ್ರ ಇಲ್ಲಿ ಯಾರಿಗೆ ಬೇಕಾಗಿತ್ತರಿ ಓಟ?”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡುವಷ್ಟು ನೀರು ಮೈಯಲ್ಲಿ ಇರಲೂ ಇಲ್ಲ.

“ಹೋಗ್ಲಿ ಬಿಡ್ರಿ,” ಎಂದಳು ಕೊನೆಗೆ. “ಎಲ್ಲಾರಿಗೂ ಗೊತ್ತಿತ್ತಂದ್ರ ಒಳ್ಳೇದಾತು. ಇನ್ನ ಮುಚ್ಚಿಡೂದು ತಪ್ಪಿತು.”

“ಅಲ್ಲೇ ಐತಿ ನೋಡ್ರಿ ತ್ರಾಸು.” ಮಾಳಿಂಗರಾಯರು ಬೆಂಚಿನ ತುದಿಗೆ ಕುಳಿತರು. “ಚೇರಮನ್ನರಿಗೂ ಗೊತ್ತಿತ್ತು. ಆದ್ರ ಅವರ ಮುಂದ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದದ್ದು ಸಂಸ್ಥಾಕ್ಕ ಗೊತ್ತಿಲ್ಲ ಅಂತ ಲೆಕ್ಕ. ಈ ಜೂನಿಗೆ ನಿಮ್ಮನ್ನ ಖಾಯಂ ಮಾಡೋ ಕಾಗದ ತಯಾರಾಗಿತ್ತು ಮೇಡಂ. ಇವತ್ತ ಸಂಜಿಕ ಬಹುಮಾನ ಕೊಡೂ ಹೊತ್ತಿಗೆ ಓದಬೇಕಂತ ಮಾಡಿದ್ರು. ನೀವು ಅವರ ಮುಂದನ ಕೂಗಿದ್ರಿ. ಈಗ ಗೊತ್ತಾದಂಗ ಆತು. ಗೊತ್ತಾದ ಮ್ಯಾಲೆ ಪಿಟಿ ಜಾಗಾಕ್ಕ ಹೆಂಗ ಇಟ್ಟುಕೊಳ್ಳೂದು?”

ಮೈದಾನದಲ್ಲಿ ಬಹುಮಾನ ಹಂಚುವ ಗದ್ದಲ ಕೇಳುತ್ತಿತ್ತು. ಮಹೆಕಳಿಗೆ ಅಳು ಬಂದಿತ್ತು, ಆದರೆ ಅಳುವುದನ್ನು ನೋಡಲು ಇಷ್ಟು ಜನ ಕಾಯುತ್ತಿರುವಾಗ ಅವಳಿಗೆ ಅದೂ ಬೇಡವೆನಿಸಿತು.

“ಏನ ಮಾಡಬೇಕರಿ ಈಗ?”

“ಒಂದ ಹಾದಿ ಐತಿ,” ಎಂದರು ಮಾಳಿಂಗರಾಯರು. ಆ ಹಾದಿಯನ್ನು ಅವರು ಆಗಲೇ ಬಿಳಿ ಹಾಳೆ ಮತ್ತು ಪೆನ್ನಿನ ರೂಪದಲ್ಲಿ ತಂದಿದ್ದರು. “ಬಿಸಲಿಗೆ ತಲಿ ತಿರುಗಿ ಏನೇನೋ ಅಂದ್ನಿ, ನಂಗ ಯಾವ ಬ್ಯಾನಿನೂ ಇಲ್ಲ ಅಂತ ಬರದು ಸಹಿ ಮಾಡ್ರಿ. ಆತು, ಅವರ ಕಿವಿ ಸ್ವಚ್ಛ ಆಗತೈತಿ.”

ಅವಳು ಬರೆದಳು. ಜೀವನದಲ್ಲಿ ಮೊದಲ ಸಲ ಸುಳ್ಳನ್ನು ಬಾಯಿಂದಲ್ಲ, ಕೈಯಿಂದ ಹೇಳಿದಳು. ‘ಆರೋಗ್ಯ’ ಬರೆಯುವಾಗ ಒಂದು ಒತ್ತಕ್ಷರ ತಪ್ಪಿತು, ಲಕ್ಕಪ್ಪ ತಿದ್ದಿದ. ಸಾಕ್ಷಿಗೆ ಮಂಜುಳಾ ಸಹಿ ಮಾಡಿದಳು. ಅಮೃತವ್ವ ಹೆಬ್ಬೆಟ್ಟು ಒತ್ತಿದಳು.

ಚೇರಮನ್ನರು ಬಂದು ಹಾಳೆಯನ್ನು ಎರಡು ಸಲ ಓದಿದರು. ಅವರ ಮುಖದ ಗಂಟು ಸಡಿಲಾಯಿತು.

“ಭೇಷ್! ಭೇಷ್! ನಾ ಗಾಬರಿ ಆಗಿದ್ನಿ ನೋಡ್ರಿ. ಬಿಸಲ ಅಂದ್ರ ಬಿಸಲು, ಯಾರಿಗೂ ಬಿಡೂದಿಲ್ಲ. ಆದ್ರೂ ಮಾಳಿಂಗರಾಯರ, ಇಂಥಾ ಮಾತು ಒಮ್ಮೆ ಹೊರಬಿದ್ದ ಮ್ಯಾಲೆ ಮಂದಿ ಸುಮ್ಮನಿರಂಗಿಲ್ಲ. ಮೇಡಂ ಗಟ್ಟಿ ಅದಾರ ಅನ್ನೂದು ಎಲ್ಲಾರಿಗೂ ಕಾಣಬೇಕು. ಸೋಮವಾರ ಲಕ್ಷ್ಮೇಶ್ವರದ ತನಕ ಓಟ ಇಡೂಣು. ಮೇಡಂ ಎಲ್ಲಾರಗಿಂತ ಮುಂದ ಓಡ್ಲಿ. ಚಂದ ಓಡಿದ್ರ ಖಾಯಂ ಕಾಗದ ಮುಂದಿನ ಜೂನಿಗೆ ನೋಡೂಣು.”

“ಆತ್ರಿ,” ಎಂದರು ಮಾಳಿಂಗರಾಯರು.

ಚೇರಮನ್ನರು ಹೊರಡಲು ಬಾಗಿಲ ತನಕ ಹೋದವರು ತಿರುಗಿ ನಿಂತು, ಮಹೆಕಳ ಸೊಂಟದ ಕಡೆ ಕಣ್ಣು ಹಾಯಿಸಿದರು. ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು:

“ಮತ್ತ ತಂಗೀ, ಸೋಮವಾರದಿಂದ ಆ ಮಶೀನು ಸಾಲಿಗೆ ಕಟ್ಟಿಕೊಂಡ ಬರಬ್ಯಾಡ. ಏನೂ ಇಲ್ಲ ಅಂತ ಬರದ ಕೊಟ್ಟೀದಿ. ಅದನ್ನ ಯಾರರ ನೋಡಿದ್ರ ನೀ ಸುಳ್ಳ ಬರದೀದಿ ಅಂತ ಆಗತೈತಿ. ನಮ್ಮ ಸಂಸ್ಥಾದಾಗ ಸುಳ್ಳ ನಡಿಯಂಗಿಲ್ಲ ನೋಡವಾ.”